ವೀರವ್ವನ ಎಂಟು ಸೀರೆಯ ಹಾಸು

ಗಜೇಂದ್ರಗಡದ ಆ ಓಣಿಯಲ್ಲಿ ಕೈಮಗ್ಗದ ಸದ್ದು ಈಗ ಕೆಲವೇ ಮನೆಗಳಿಂದ ಬರುತ್ತದೆ. ಅದರಲ್ಲಿ ವೀರವ್ವನ ಮಗ್ಗದ ಸದ್ದು ಯಾವುದೆಂದು ಓಣಿಯವರು ಕಣ್ಣು ಮುಚ್ಚಿ ಹೇಳಬಲ್ಲರು. ಅದು ನಡುನಡುವೆ ನಿಲ್ಲುತ್ತದೆ. ನಿಂತಿತೆಂದರೆ ವೀರವ್ವ ಯಾರನ್ನೋ ಕಾಡುತ್ತಿದ್ದಾಳೆ ಎಂದು ತಿಳಿಯಬೇಕು.

ನೇಕಾರರ ಬದುಕಿನ ಕಥನಗಳನ್ನು ಸಂಗ್ರಹಿಸಲು ಅಲ್ಲಿಗೆ ಹೋಗತೊಡಗಿದ ಮೇಲೆ ನಾನು ಪಾಲಿಸಿದ ಕ್ರಮ ಸರಳವಾದದ್ದು. ಒಂದು ಘಟನೆಯನ್ನು ಅದರಲ್ಲಿ ಪಾಲುಗೊಂಡವರೆಲ್ಲರಿಂದ ಬೇರೆ ಬೇರೆಯಾಗಿ ಕೇಳಿಸಿಕೊಂಡು, ಹೇಳಿಕೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂದು ನೋಡುವುದು. ವೀರವ್ವನ ತಲೆಯೊಳಗಿನ ಗಡ್ಡೆಯ ಸಂಗತಿಯನ್ನು ಅವಳಿಂದ, ಅವಳ ಗಂಡ ಮಹಾದೇವಪ್ಪನಿಂದ ಮತ್ತು ಲಕ್ಕಲಕಟ್ಟಿಗೆ ಕೊಟ್ಟಿರುವ ಅವಳ ನಾದಿನಿ ಸಿದ್ದಲಿಂಗವ್ವನಿಂದ ಪ್ರತ್ಯೇಕವಾಗಿ ಕೇಳಿದ್ದೇನೆ. ಮೂವರೂ ಪೂರ್ತಿಯಾಗಿ ಒಪ್ಪುವ ಮಾತು ಒಂದೇ: ತಪ್ಪು ಉಳಿದಿಬ್ಬರದು.

ವೀರವ್ವ ಬೆಳವಣಕಿಯಿಂದ ಸೊಸೆಯಾಗಿ ಬಂದವಳು. ಮಗ್ಗದ ಕುಣಿಗೆ ಕಾಲಿಳಿಬಿಟ್ಟು ಅತ್ತೆಯ ಪಕ್ಕದಲ್ಲಿ ಕುಳಿತು ಪಟ್ಟೇದಂಚಿನ ಸೀರೆ ನೇಯುವುದನ್ನು ಕಲಿತಳು. ಎರಡೂ ಮಗ್ಗುಲು ಒಂದೇ ಸಮನಾಗಿ ಕಾಣುವ, ಯಾವ ಕಡೆಯಿಂದ ಉಟ್ಟರೂ ನಡೆಯುವ ಸೀರೆ ಅದು. ಪ್ರತಿ ಹಾಸಿನಲ್ಲೂ, ಅಂದರೆ ಎಂಟು ಸೀರೆಗಾಗುವಷ್ಟು ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲಿನಲ್ಲಿ, ಒಂದೇ ಬಣ್ಣದ ಎರಡು ಸೀರೆ ನೇಯ್ದು, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ನಾದಿನಿಗೆ ಕೊಡುವುದು ಅವಳ ರೂಢಿ. ಮಗ್ಗ ನೋಡಲು ಬಂದ ನೆಂಟರಿಗೆಲ್ಲ, ಹೊಸಬರು ಲಾಳಿಯಲ್ಲಿಡುವ ಒಂದು ಕಂಡಿಕೆ ನೂಲು ಸುತ್ತಿಕೊಡದೆ ಹೋದರೆ ಈ ಮಗ್ಗ ಮುನಿಸಿಕೊಳ್ಳುತ್ತದೆ ಎಂದು ಗಂಭೀರವಾಗಿ ಹೇಳುವುದು ಅವಳ ಹಳೆಯ ಆಟ. ಅವಳ ಕಂಡಿಕೆಗಳನ್ನು ವರ್ಷಗಟ್ಟಲೆ ನೆಂಟರೇ ಸುತ್ತಿದ್ದಾರೆ. ನಾನೂ ಸುತ್ತಿದ್ದೇನೆ.

ಆ ಮನೆಯಲ್ಲಿ ನಿಜವಾದ ನೇಮವೊಂದು ಬೇರೆಯೇ ಇತ್ತು. ಹಾಸು ಯಾರ ಕೈಯಿಂದ ಶುರುವಾಯಿತೋ ಅವರ ಕೈಯಿಂದಲೇ ಮುಗಿಯಬೇಕು. ನಡುವೆ ಬೇರೆ ಕೈ ಹಚ್ಚಿದರೆ ಬಟ್ಟೆಯ ಬಿಗಿ ಬದಲಾಗುತ್ತದೆ ಎಂಬುದು ಕಾರಣ; ಕಾಲಕ್ರಮದಲ್ಲಿ ಕಾರಣ ಮರೆತು ನೇಮ ಉಳಿದಿದೆ. ಅತ್ತೆ ತೀರಿಕೊಂಡಾಗ ಅರ್ಧ ನೇಯ್ದಿದ್ದ ಹಾಸನ್ನು ಯಾರೂ ಮುಟ್ಟಲಿಲ್ಲ. ಕತ್ತರಿಸಿ, ಸುತ್ತಿ ಅಟ್ಟದ ಮೇಲಿಟ್ಟರು. ಅದನ್ನು ಇಂದಿಗೂ ಇಲಿಗಳು ಕಡಿಯುತ್ತಿವೆ.

ಮಹಾದೇವಪ್ಪನಿಗೂ ನೇಯ್ಗೆ ಬರುತ್ತದೆ. ಆದರೆ ಅವನಿಗೆ ಪ್ರಿಯವಾದದ್ದು ನೇಯ್ದ ಸೀರೆಗಳನ್ನು ಬಸ್ ನಿಲ್ದಾಣದ ಹತ್ತಿರವಿರುವ ಸಂಗನಬಸವನ ಅಂಗಡಿಗೆ ಒಯ್ದು, ಕಟ್ಟೆಯ ಮೇಲೆ ಕುಳಿತು, ತಂಬಾಕು ತಿಕ್ಕುತ್ತ, ‘ಈ ಬಣ್ಣ ನಾನ ಕೂಡಿಸೇನಿ’ ಎಂದು ಹೇಳಿಕೊಳ್ಳುವುದು. ಇಪ್ಪತ್ತು ವರ್ಷ ಹೇಳಿ ಹೇಳಿ ಅವನೂ ಅದನ್ನು ಅರ್ಧ ನಂಬಿದ್ದ.

ಎರಡು ವರ್ಷದ ಹಿಂದಿನ ಒಂದು ಬೇಸಿಗೆಯ ಮಧ್ಯಾಹ್ನ ವೀರವ್ವನ ಎಡಗೈ ತಾನಾಗಿಯೇ ಎಗರತೊಡಗಿತು. ಲಾಳಿ ಗೋಡೆಗೆ ಬಡಿಯಿತು. ಅವಳು ಕುಣಿಯ ಅಂಚಿನ ಮೇಲೆ ಒರಗಿದಳು. ಬೇರೆ ಯಾರ ಮನೆಯಲ್ಲಾದರೂ ಕೂಗು ಏಳುತ್ತಿತ್ತು. ಮಹಾದೇವಪ್ಪ ಬಾಗಿಲಲ್ಲೇ ನಿಂತು, ‘ಸಾಕ ನಾಟಕ, ಏಳ, ಚಹಾ ಮಾಡತೀನಿ’ ಎಂದ. ಮಾಡಿಯೂ ತಂದ. ಲೋಟ ಮುಂದಿಟ್ಟರೂ ಅವಳು ಏಳದಿದ್ದಾಗ, ಚಹಾದ ಮೇಲೆ ಕೆನೆ ಕಟ್ಟತೊಡಗಿದಾಗ, ಇದು ನಾಟಕವಲ್ಲವೆಂದು ಅವನಿಗೆ ತಿಳಿಯಿತು. ಈ ಭಾಗವನ್ನು ಹೇಳುವಾಗ ಮಾತ್ರ ಅವನು ನೆಲ ನೋಡುತ್ತಾನೆ.

ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿದರು. ಮೆದುಳಿನ ಬಲಭಾಗದಲ್ಲಿ ಗಡ್ಡೆಯಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಬಹುಪಾಲು ತೆಗೆದರು. ಎಡಗೈಯನ್ನು ಆಡಿಸುವ ಜಾಗಕ್ಕೆ ಅಂಟಿಕೊಂಡಿದ್ದ ಸ್ವಲ್ಪವನ್ನು ಹಾಗೆಯೇ ಬಿಟ್ಟರು. ತೆಗೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ತಜ್ಞರಲ್ಲಿ ಒಮ್ಮತ ಬರಲಿಲ್ಲ. ಇಂಥ ಗಡ್ಡೆಗಳಲ್ಲಿ ಒಂದು ಬೇಗ ಬೆಳೆಯುವ ಜಾತಿ, ಇನ್ನೊಂದು ನಿಧಾನದ ಜಾತಿ. ಕೆಲವೊಮ್ಮೆ ಜೀವಕೋಶಗಳ ಹೊರರೂಪ ನೋಡಿ ಎರಡನ್ನೂ ಬೇರ್ಪಡಿಸಲಾಗುವುದಿಲ್ಲ. ಜೀವಕೋಶದ ಒಳಗಿರುವ ಜೀನುಗಳನ್ನೂ ಅವುಗಳನ್ನು ಹೊತ್ತ ಕ್ರೋಮೋಸೋಮುಗಳನ್ನೂ ಪರೀಕ್ಷಿಸಬೇಕು. ಹಾಗಾಗಿ ಗಡ್ಡೆಯ ಒಂದು ಚೂರನ್ನು ಮೇಣದಲ್ಲಿ ಹುದುಗಿಸಿ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು.

ಇದನ್ನೆಲ್ಲ ಶಸ್ತ್ರವೈದ್ಯರು ಮಹಾದೇವಪ್ಪನೊಬ್ಬನಿಗೇ ಹೇಳಿದರು. ಮೊದಲ ಜಾತಿಯಾದರೆ ವರ್ಷ ತುಂಬುವುದೂ ಕಷ್ಟ, ಎರಡನೆಯದಾದರೆ ಬಹಳ ವರ್ಷಗಳ ಭರವಸೆಯಿದೆ ಎಂಬುದು ಅವರ ಮಾತು. ಅವನ ಕಿವಿ ಮೊದಲರ್ಧದಲ್ಲೇ ನಿಂತುಬಿಟ್ಟಿತ್ತು. ಹೆಂಡತಿಗೆ ಏನನ್ನೂ ಹೇಳಬಾರದು ಎಂದು ಕೈಮುಗಿದು ಕೇಳಿಕೊಂಡ. ರೋಗಿಗೆ ತಿಳಿಸದೆ ಸಂಬಂಧಿಕರಿಗೆ ಮಾತ್ರ ತಿಳಿಸಬೇಕೆಂದು ಫೈಲಿನ ಮೇಲೆ ಬರೆದರು.

ಕೆಲವು ವಾರಗಳ ಬಳಿಕ ದವಾಖಾನೆಯಿಂದ ಫೋನು ಬಂತು. ಪರೀಕ್ಷೆಯ ಫಲಿತಾಂಶ ಬಂದಿದೆ, ಗಡ್ಡೆಯ ಜೀವಕೋಶಗಳಲ್ಲಿ ಎರಡು ಕ್ರೋಮೋಸೋಮುಗಳ ತುಂಡುಗಳು ಇಲ್ಲವೇ ಇಲ್ಲ, ಗುರುವಾರ ಬನ್ನಿ, ಡಾಕ್ಟರು ವಿವರಿಸುತ್ತಾರೆ ಎಂದು ಯಾರೋ ಅವಸರದಲ್ಲಿ ಹೇಳಿ ಇಟ್ಟರು. ಮಹಾದೇವಪ್ಪ ನೇಕಾರರ ಮನೆಯಲ್ಲಿ ಹುಟ್ಟಿದವನು. ಹಾಸಿನಲ್ಲಿ ಒಂದು ಎಳೆ ಇಲ್ಲವೆಂದರೆ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ. ಎರಡು ಎಳೆ ಇಲ್ಲವೆಂದರೆ ಸಂಗನಬಸವ ಸೀರೆಯನ್ನು ಮಡಚಿ ವಾಪಸ್ಸು ಕೊಡುತ್ತಾನೆ. ಇಲ್ಲದಿರುವುದು ಒಳ್ಳೆಯದಾಗಬಹುದೆಂಬ ಕಲ್ಪನೆಯೇ ಆ ಕಸುಬಿನಲ್ಲಿಲ್ಲ. ಅವನು ಲಕ್ಕಲಕಟ್ಟಿಗೆ ಹೋಗಿ ತಂಗಿಯ ಮುಂದೆ ಅತ್ತ. ಸಿದ್ದಲಿಂಗವ್ವ ಸೀರೆ ಕುಪ್ಪಸ ಚೀಲಕ್ಕೆ ತುಂಬಿಕೊಂಡು ಅಣ್ಣನ ಜೊತೆ ಬಂದಳು.

ಮನೆಯಲ್ಲಿ ಜಗಳ ನಿಂತಿತು. ವೀರವ್ವನಿಗೆ ಮೊದಲು ಅನುಮಾನ ಬಂದದ್ದು ಇದರಿಂದ. ಏನು ಕಾಡಿದರೂ ಗಂಡ ರೇಗುತ್ತಿಲ್ಲ. ನಾದಿನಿ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾಳೆ. ಅವಳು ಒಂದು ಪರೀಕ್ಷೆ ಇಟ್ಟಳು. ಒಂದು ದಿನ ಸಾರಿಗೆ ಬೇಕೆಂದೇ ಬೊಗಸೆ ಉಪ್ಪು ಸುರಿದು ಗಂಡನಿಗೆ ಬಡಿಸಿದಳು. ಉಪ್ಪು ಒಂದು ಹರಳು ಹೆಚ್ಚಾದರೂ ಮೂರು ಮನೆಗೆ ಕೇಳುವ ಹಾಗೆ ಕೂಗುತ್ತಿದ್ದ ಮನುಷ್ಯ ಅಂದು ಸಾರನ್ನು ಅನ್ನಕ್ಕೆ ಕಲಸಿಕೊಂಡು, ಬೆವರೊರೆಸಿಕೊಳ್ಳುತ್ತ ಉಂಡ.

‘ಸಾರ ಭಾಳ ಚಲೋ ಆಗೇತಿ’ ಎಂದ.

ತಾನು ಸಾಯುತ್ತಿದ್ದೇನೆ ಎಂಬುದು ಆ ಕ್ಷಣದಲ್ಲಿ ವೀರವ್ವನಿಗೆ ಗೊತ್ತಾಯಿತು.

ಅವಳನ್ನು ಕಾಡಿದ್ದು ಸಾವಿಗಿಂತ ಹಾಸಿನ ಪ್ರಶ್ನೆ ಎಂದು ಅವಳು ಹೇಳುತ್ತಾಳೆ. ಈ ಹೇಳಿಕೆಯನ್ನು ನಾನು ಪೂರ್ತಿ ನಂಬಿಲ್ಲ. ಆದರೆ ನಾನು ಕೇಳಿದ ಮೂರು ಸಲವೂ ಅವಳು ಇದನ್ನೇ ಹೇಳಿದಳು. ಮಗ್ಗದ ಮೇಲಿದ್ದ ಹಳೆಯ ಹಾಸಿನ ಕೊನೆಯ ಸೀರೆಯನ್ನು ಸೋತ ಕೈಯಲ್ಲೇ ಮುಗಿಸಿದ್ದಳು. ಇನ್ನು ಹೊಸ ಹಾಸು ಹೂಡಬೇಕು. ರೂಢಿಯಂತೆ ಎಂಟು ಸೀರೆಯದೇ? ಈಗಿನ ಕೈಯಲ್ಲಿ ಅದು ವರ್ಷ ದಾಟುತ್ತದೆ. ಅಷ್ಟು ದಿನ ತಾನಿರುವೆನೇ? ಇರುವುದಿಲ್ಲವಾದರೆ ಎರಡೇ ಸೀರೆಯದು ಹಾಕಿ ಮುಗಿಸುವುದು ಲೇಸು. ತನ್ನ ನೂಲು ಅತ್ತೆಯ ನೂಲಿನ ಜೊತೆ ಅಟ್ಟ ಸೇರಬಾರದು. ಉತ್ತರ ಗೊತ್ತಿರುವವರು ಮನೆಯಲ್ಲೇ ಇದ್ದರು. ಕೇಳಿದರೆ ಇಬ್ಬರೂ ನಕ್ಕು, ನೂರು ವರ್ಷ ಎನ್ನುತ್ತಿದ್ದರು.

ಗುರುವಾರ ಹುಬ್ಬಳ್ಳಿಯ ಬಸ್ಸಿನಲ್ಲಿ ಮಹಾದೇವಪ್ಪ ಮುಂದೆ ಕುಳಿತಿದ್ದ. ಹಿಂದಿನ ಸೀಟಿನಲ್ಲಿ ವೀರವ್ವ ನಾದಿನಿಯ ಕೈ ಹಿಡಿದುಕೊಂಡು, ಸಾಯುವವಳ ಒಂದು ಮಾತು ನಡೆಸಿಕೊಡುತ್ತೀಯಾ ಎಂದು ಕೇಳಿದಳು. ಸಿದ್ದಲಿಂಗವ್ವನ ಕಣ್ಣು ತುಂಬಿತು.

‘ಯಾರ ಹೇಳಿದ್ರ ವೈನಿ ನಿನಗ?’

‘ಯಾರೂ ಹೇಳಿರಲಿಲ್ಲ. ಈಗ ನೀನ ಹೇಳಿದಿ.’

ಆಮೇಲೆ ನಾದಿನಿಗೆ ಬೇರೆ ದಾರಿ ಉಳಿಯಲಿಲ್ಲ; ಡಾಕ್ಟರ ಮುಂದೆ ವೀರವ್ವನಾಗಿ ಕೂರಲು ಒಪ್ಪಿದಳು. ಅಂದು ಇಬ್ಬರೂ ಉಟ್ಟಿದ್ದದ್ದು ಒಂದೇ ಹಾಸಿನ, ಒಂದೇ ಬಣ್ಣದ ಸೀರೆ. ಇಬ್ಬರೂ ತಲೆಯ ಮೇಲೆ ಸೆರಗು ಹೊದ್ದಿದ್ದರು. ವೀರವ್ವ ಹೊಲಿಗೆಯ ಕಲೆ ಮುಚ್ಚಲು, ಸಿದ್ದಲಿಂಗವ್ವ ಲಕ್ಕಲಕಟ್ಟಿಯ ಹಿರಿಯರ ಮುಂದೆ ರೂಢಿಯಾಗಿದ್ದರಿಂದ. ಮುಂದಿನ ಚಿಕಿತ್ಸೆ ನೋಡಿಕೊಳ್ಳಬೇಕಿದ್ದ ಡಾಕ್ಟರ್ ವಿದ್ಯಾಶ್ರೀ ಈ ಮನೆಯವರನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಮಹಾದೇವಪ್ಪ ಸ್ಕ್ಯಾನಿನ ಫಿಲ್ಮು ತರಲು ಪಕ್ಕದ ಕಟ್ಟಡಕ್ಕೆ ಹೋಗಿ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾಗಲೇ ಇವರ ಹೆಸರು ಕೂಗಿದರು.

ಒಳಗೆ ಹೋಗಿ ಸಿದ್ದಲಿಂಗವ್ವ ರೋಗಿಯ ಸ್ಟೂಲಿನ ಮೇಲೆ ಕುಳಿತಳು. ಭಯದಿಂದ ಅವಳ ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು. ರೋಗಿ ಯಾರೆಂಬುದರಲ್ಲಿ ಯಾರಿಗೂ ಸಂಶಯ ಬರುವಂತಿರಲಿಲ್ಲ. ಡಾಕ್ಟರು ಫೈಲಿನ ಮೇಲಿನ ಬರಹ ನೋಡಿ, ಪೇಷಂಟು ಸ್ವಲ್ಪ ಹೊರಗೆ ಕುಳಿತಿರಲಿ ಎಂದರು. ಸಿದ್ದಲಿಂಗವ್ವ ಎದ್ದು ಹೋದಳು. ವೀರವ್ವ ತನ್ನ ಸಂಬಂಧಿಕಳಾಗಿ ತಾನೇ ಉಳಿದಳು.

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ಕಪ್ಪು ನೆಲದ ಮೇಲೆ ನೀಲಿ ಬಿಲ್ಲೆಗಳು, ಒಂದೊಂದರೊಳಗೂ ಹಸಿರು, ಕೆಂಪು ಚುಕ್ಕೆಗಳು. ನೀಲಿ ಬಿಲ್ಲೆ ಜೀವಕೋಶದ ತಿರುಳು. ಚುಕ್ಕೆಗಳು ಕ್ರೋಮೋಸೋಮಿನ ಆಯಾ ತುಂಡಿಗೆ ಹೋಗಿ ಅಂಟಿಕೊಳ್ಳುವ ಹೊಳೆಯುವ ಬಣ್ಣ. ಆರೋಗ್ಯವಾದ ಕೋಶದಲ್ಲಿ ಹಸಿರು ಎರಡು, ಕೆಂಪು ಎರಡು ಇರುತ್ತವೆ ಎಂದು ಹೇಳಿ, ಇಲ್ಲಿ ಏನು ಕಾಣುತ್ತದೆ ಎಂದು ಕೇಳಿದರು.

‘ಹಸಿರ ಎರಡ ಅದಾವ್ರಿ. ಕೆಂಪ ಒಂದ ಐತಿ,’ ಎಂದಳು ವೀರವ್ವ. ‘ಒಂದ ಹೋಗೇತಿ ಅಂದ್ರ ಮಾಲ ಖರಾಬ ಆತಲ್ರಿ.’

‘ಯಾರ ಮಾಲ ಹೇಳ್ರಿ? ಗಡ್ಡೀದು. ಗಡ್ಡಿಯೊಳಗ ತುಂಡ ಹೋದ್ರ ಲುಕ್ಸಾನ ಗಡ್ಡಿಗೆ ಬಿಡ್ರಿ, ನಿಮಗ್ಯಾಕ?’

ಮುಂದೆ ಡಾಕ್ಟರು ನಿಧಾನವಾಗಿ ವಿವರಿಸಿದರು. ಒಂದನೆಯ ಕ್ರೋಮೋಸೋಮಿನ ಒಂದು ತೋಳು, ಹತ್ತೊಂಬತ್ತನೆಯದರ ಒಂದು ತೋಳು, ಎರಡೂ ಒಟ್ಟಿಗೆ ಕಾಣೆಯಾಗಿವೆ; ಜೊತೆಗೆ ಒಂದು ಜೀನಿನಲ್ಲಿ ಬದಲಾವಣೆಯಾಗಿದೆ. ಈ ಗುರುತುಗಳು ಕೂಡಿ ಬಂದರೆ ಗಡ್ಡೆ ನಿಧಾನದ ಜಾತಿಯದೆಂದು ಖಚಿತ. ಅದು ವಿಕಿರಣಕ್ಕೂ ಮಣಿಯುತ್ತದೆ, ಔಷಧಕ್ಕೂ ಮಣಿಯುತ್ತದೆ. ಹಿಂದೆಲ್ಲ ಕಣ್ಣಳತೆಯಲ್ಲಿ ಹೆಸರಿಡುತ್ತಿದ್ದರು, ತಪ್ಪು ಹೆಸರಿಗೆ ತಪ್ಪು ಮದ್ದು ಹೋಗುವುದೂ ಇತ್ತು. ಈಗ ಒಳಗಿನ ಗುರುತು ನೋಡಿಯೇ ಹೆಸರು, ಹೆಸರು ನೋಡಿಯೇ ಮದ್ದು.

ವೀರವ್ವ ಪರದೆಯ ಮೇಲಿನ ಕೆಂಪು ಚುಕ್ಕೆಗಳನ್ನು ಇನ್ನೊಮ್ಮೆ ಎಣಿಸಿದಳು. ಆಮೇಲೆ, ಹೊರಗೆ ಕುಳಿತ ಆಕೆಯ ಕೈಯಲ್ಲಿ ಎಂಟು ಸೀರೆಯ ಹಾಸು ಮುಗಿದೀತೇ ಎಂದು ಕೇಳಿದಳು. ಅದಕ್ಕೆ ಎಷ್ಟು ಕಾಲ ಬೇಕೆಂದು ಡಾಕ್ಟರು ಕೇಳಿದರು. ವರ್ಷ ದಾಟುತ್ತದೆ ಎಂದಳು.

‘ಹಂಗಾರ ಅದರ ಮುಂದಿನ ಹಾಸಿಗೂ ನೂಲ ತಂದಿಡ್ರಿ,’ ಎಂದರು ಡಾಕ್ಟರು. ‘ಇದು ಪೂರ್ತಿ ಹೋತು ಅಂತ ನಾ ಹೇಳಾಂಗಿಲ್ಲ. ಮುಂದ ಯಾವಾಗರ ಮತ್ತ ಬೆಳೀಬಹುದು. ಅದಕ್ಕ ಸ್ಕ್ಯಾನ ತಪ್ಪಿಸಬ್ಯಾಡ್ರಿ. ಆದ್ರ ಲೆಕ್ಕ ವರ್ಷಗಳದು.’

ವೀರವ್ವ ಅಲ್ಲಿಗೇ ಎದ್ದು ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಡಾಕ್ಟರು ಪೇಷಂಟನ್ನು ಒಳಗೆ ಕರೆಸಿದರು. ಸಿದ್ದಲಿಂಗವ್ವನ ಕೈ ಮುಂದೆ ಚಾಚಿಸಿದರು; ಎರಡೂ ಕೈ ಗಡಗಡ ನಡುಗಿದವು. ಒಂದೇ ಗೆರೆಯಲ್ಲಿ ನಡೆಯಲು ಹೇಳಿದರು. ಅವಳು ಓಲಾಡಿ ಮೇಜು ಹಿಡಿದಳು. ಎಡಗೈ ಮಾತ್ರ ಸೋತಿದೆಯೆಂದು ಬರೆದಿದ್ದರು, ಈಗ ಎರಡೂ ಕಡೆ ಹೀಗಾಗಿದೆಯಲ್ಲ ಎಂದು ಡಾಕ್ಟರು ಹುಬ್ಬು ಗಂಟಿಕ್ಕಿ, ಹೊಸದೊಂದು ಸ್ಕ್ಯಾನಿಗೆ ಬರೆಯಲು ಪೆನ್ನೆತ್ತಿದರು. ವೀರವ್ವ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಕೊನೆಗೆ ಡಾಕ್ಟರು ಗಾಯ ಹೇಗಿದೆ ನೋಡೋಣವೆಂದು ಸಿದ್ದಲಿಂಗವ್ವನ ಸೆರಗು ಸರಿಸಿದರು. ಕೆಳಗೆ ಎಣ್ಣೆ ಹಚ್ಚಿ ಬಾಚಿದ, ಮುಷ್ಟಿಗಾತ್ರದ ತುರುಬಿತ್ತು.

‘ಗಾಯ ಇಲ್ಲೈತ್ರಿ,’ ಎಂದು ವೀರವ್ವ ತನ್ನ ಸೆರಗನ್ನು ತೆಗೆದಳು.

ಇಲ್ಲಿ ಹೇಳಿಕೆಗಳು ಬೇರೆಯಾಗುತ್ತವೆ. ಡಾಕ್ಟರು ಬೈದರು ಎನ್ನುತ್ತಾಳೆ ವೀರವ್ವ. ಮೇಜಿನ ಮೇಲೆ ತಲೆಯಿಟ್ಟು ನಕ್ಕರು ಎನ್ನುತ್ತಾಳೆ ಸಿದ್ದಲಿಂಗವ್ವ. ಅಷ್ಟರಲ್ಲಿ ಫಿಲ್ಮು ಹಿಡಿದು ಬಾಗಿಲ ಹೊರಗೆ ಬಂದು ನಿಂತಿದ್ದ ಮಹಾದೇವಪ್ಪ, ಒಳಗಿನಿಂದ ಹೆಂಗಸರು ಅಳುವ ದನಿ ಕೇಳಿತು ಎನ್ನುತ್ತಾನೆ. ಮೂರನ್ನೂ ಹಾಗೆಯೇ ದಾಖಲಿಸಿದ್ದೇನೆ.

ಒಳಗೆ ಇನ್ನೊಂದು ಕರಾರು ನಡೆಯಿತು. ಇಷ್ಟು ದಿನ ಅವನ ಮಾತಿಗೆ ನನ್ನಿಂದ ಮುಚ್ಚಿಟ್ಟಿರಿ, ಇನ್ನು ನನ್ನ ಮಾತಿಗೆ ಅವನಿಂದ ಮುಚ್ಚಿಡಿ ಎಂದಳು ವೀರವ್ವ. ತಲೆ ಯಾರದು ಎಂದೂ ಕೇಳಿದಳು. ತಲೆ ನಿಮ್ಮದೇ, ನಾನಾಗಿ ಬಾಯಿಬಿಡುವುದಿಲ್ಲ, ಆದರೆ ಅವರು ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದರು ಡಾಕ್ಟರು. ಮಹಾದೇವಪ್ಪ ಒಳಗೆ ಬಂದ. ಡಾಕ್ಟರು, ಕೇಳುವುದೇನಾದರೂ ಇದೆಯೇ ಎಂದು ಎರಡು ಸಲ ವಿಚಾರಿಸಿದರು. ಅವನು ಕೈಮುಗಿದು, ಎಲ್ಲ ತಿಳಿದಿದೆ, ಆಕೆಯ ಮುಂದೆ ಏನೂ ಬೇಡ ಎಂದ. ಬರೆದುಕೊಟ್ಟ ವಿಕಿರಣವನ್ನೂ ಮಾತ್ರೆಗಳನ್ನೂ ಅವನು ಸಮಾಧಾನಕ್ಕೆ ಕೊಟ್ಟವೆಂದೇ ತಿಳಿದ.

ವಿಕಿರಣ ಚಿಕಿತ್ಸೆಯ ವಾರಗಳು ಸುಲಭದವಾಗಿರಲಿಲ್ಲ. ಸುಸ್ತು, ವಾಂತಿ, ಉದುರುವ ಕೂದಲು ಎಲ್ಲವನ್ನೂ ವೀರವ್ವ ಅನುಭವಿಸಿದಳು. ಆ ಬಗ್ಗೆ ಅವಳ ಹೇಳಿಕೆ ಚಿಕ್ಕದು. ಊರಿಗೆ ಮರಳಿದ ಮೇಲಿನ ದಿನಗಳ ಬಗ್ಗೆ ಮಾತ್ರ ಅವಳಿಗೆ ಎಷ್ಟು ಹೇಳಿದರೂ ಸಾಲದು. ಸಂಜೆಯಾದರೆ ಬಸ್ ನಿಲ್ದಾಣದಿಂದ ಬಿಸಿ ಮಿರ್ಚಿ ಬರುತ್ತಿತ್ತು. ಗುಟ್ಟು ಕಾಯ್ದ ನಾದಿನಿಗೆ ಅದರಲ್ಲಿ ಪಾಲು. ಮಹಾದೇವಪ್ಪ ರೊಟ್ಟಿ ಬಡಿಯಲು ಕಲಿತ. ಅವು ದುಂಡಗಾಗುತ್ತಿರಲಿಲ್ಲ, ವೀರವ್ವ ಒಂದೊಂದಕ್ಕೂ ಒಂದೊಂದು ಊರಿನ ನಕಾಶೆಯ ಹೆಸರಿಟ್ಟು ತಿನ್ನುತ್ತಿದ್ದಳು. ಒಂದು ದಿನ ದನಿ ಸಣ್ಣ ಮಾಡಿಕೊಂಡು, ತಂಬಾಕು ಬಿಟ್ಟರೆ ನನ್ನ ಜೀವ ಹಗುರಾಗುತ್ತದೆ ಎಂದಳು. ಅವನು ತಂಬಾಕಿನ ಚೀಲವನ್ನು ಅವಳ ಕೈಗೇ ಕೊಟ್ಟ. ಇನ್ನೊಂದು ದಿನ, ಆ ಬಣ್ಣ ಕೂಡಿಸಿದ್ದು ಯಾರೆಂದು ಸಂಗನಬಸವನ ಅಂಗಡಿಯಲ್ಲಿ ಒಂದು ಸಲ ಹೇಳಿ ಬಾ ಎಂದಳು. ಹೋಗಿ, ಗಿರಾಕಿಗಳ ಎದುರು ಹೇಳಿ ಬಂದ. ಸಂಗನಬಸವ ತಲೆಯೆತ್ತದೆ, ನನಗೆ ಮೊದಲಿನಿಂದಲೂ ಗೊತ್ತು ಎಂದನಂತೆ. ಇದು ಅವನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಕೈಗೆ ಸ್ವಲ್ಪ ಬಲ ಬಂತು. ಹಾಸು ಹೂಡಿಕೊಡುವ ರಸೂಲಬಿಯನ್ನು ವೀರವ್ವ ಕರೆಸಿದಳು. ಪಕ್ಕದ ಓಣಿಯ ಹೆಂಗಸು. ನೂಲು ಎಷ್ಟು ಉದ್ದ ಎಳೆಯಬೇಕೆಂದು ಮೊದಲೇ ಕೇಳಿಕೊಳ್ಳುತ್ತಾಳೆ, ಒಮ್ಮೆ ಶುರುಮಾಡಿದ ಮೇಲೆ ಬದಲಿಸುವುದಿಲ್ಲ. ಮಹಾದೇವಪ್ಪ ಬಾಗಿಲಲ್ಲಿಯೇ ಅವಳನ್ನು ತಡೆದು, ಎರಡು ಸೀರೆಯದು ಸಾಕು ಎಂದು ಪಿಸುಗುಟ್ಟಿದ.

‘ಎಂಟ ಹಾಕ ರಸೂಲಬಿ,’ ಎಂದು ಒಳಗಿನಿಂದ ದನಿ ಬಂತು.

‘ಎರಡೋ ಎಂಟೋ? ಗಂಡ ಹೆಂಡತಿ ಮೊದ್ಲ ಒಂದ ಮಾತಿಗೆ ಬರ್ರಿ. ನನಗ ಮನ್ಯಾಗ ಕೆಲಸ ಐತಿ,’ ಎಂದಳು ರಸೂಲಬಿ.

ಮಹಾದೇವಪ್ಪ ಅಟ್ಟದ ಕಡೆ ನೋಡಿದ. ಅವ್ವನ ಅರ್ಧ ಹಾಸು ಅಲ್ಲಿತ್ತು. ತಿಂಗಳುಗಟ್ಟಲೆ ನುಂಗಿಕೊಂಡದ್ದು ಆಗ ಬಾಯಿಗೆ ಬಂತು.

‘ಎಂಟ ಹಾಕಿದ್ರ ಮುಗಸಾವ್ರ ಯಾರ? ನಿನ್ನ ಗಡ್ಡಿಯೊಳಗ ಎರಡ ತುಂಡ ಇಲ್ಲಂತ. ಫೋನಿನ್ಯಾಗ ಹೇಳ್ಯಾರ. ನಾ ಹ್ಯಾಂಗ ಹೇಳಲಿ ನಿನಗ?’

‘ಇಲ್ಲಲ್ಲ, ಅದಕ್ಕ ಬದುಕೀನಿ,’ ಎಂದಳು ವೀರವ್ವ. ಮಗ್ಗದ ಕುಣಿಯ ಅಂಚಿನ ಮೇಲೆ ಅವನನ್ನು ಕೂರಿಸಿಕೊಂಡು, ಹಸಿರು ಎರಡು, ಕೆಂಪು ಒಂದು ಎಂಬುದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಲುಕ್ಸಾನು ಗಡ್ಡೆಗೆ ಎಂಬ ಮಾತನ್ನು ಎರಡು ಸಲ ಹೇಳಬೇಕಾಯಿತು. ಕಸುಬಿನ ತಿಳಿವಳಿಕೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮತ್ತೆ ಬೆಳೆಯಬಹುದು ಎಂದದ್ದನ್ನೂ ಅವಳು ಮುಚ್ಚಿಡಲಿಲ್ಲ. ಅವನು ಎಲ್ಲವನ್ನೂ ಕೇಳಿದ. ಇದು ಯಾವಾಗಿನಿಂದ ಗೊತ್ತು ಎಂದು ಕೇಳಿದ. ಆ ಗುರುವಾರದಿಂದ ಎಂದಳು. ಅವನ ಕಣ್ಣ ಮುಂದೆ ಮಿರ್ಚಿ, ರೊಟ್ಟಿ, ಸಂಗನಬಸವನ ಅಂಗಡಿ ಒಂದಾದ ಮೇಲೊಂದು ಹಾದು ಹೋಗಿರಬೇಕು. ಕೈ ತಾನಾಗಿಯೇ ಸೊಂಟದ ಕಡೆ ಹೋಗಿ ತಂಬಾಕಿನ ಚೀಲ ಹುಡುಕಿತು. ಇರಲಿಲ್ಲ.

ಅವನು ಸ್ವಲ್ಪ ಹೊತ್ತು ಮುಖದ ಮೇಲೆ ಟವೆಲು ಹಿಡಿದುಕೊಂಡಿದ್ದ. ಆಮೇಲೆ ಟವೆಲು ಕೆಳಗಿಳಿಸಿ, ಬಹಳ ದಿನಗಳಿಂದ ಆ ಮನೆಯಲ್ಲಿ ಕೇಳದಿದ್ದ ಗಟ್ಟಿ ದನಿಯಲ್ಲಿ ಮಾತಾಡಿದ.

‘ಅವತ್ತ ಸಾರಿಗೆ ಉಪ್ಪ ಭಾಳ ಆಗಿತ್ತ. ಬಾಯಾಗ ಇಡಾಕ ಆಗವಲ್ದಾಗಿತ್ತ.’

‘ಗೊತ್ತೈತಿ. ನಾನ ಹಾಕಿದ್ದು.’

ಜಗಳ ಮೂರು ಮನೆಗೆ ಕೇಳಿತು. ಅದು ನಡೆದಿರುವಾಗಲೇ ರಸೂಲಬಿ ಯಾರನ್ನೂ ಮತ್ತೆ ಕೇಳದೆ ಎಂಟು ಸೀರೆಯ ನೂಲನ್ನು ಎಳೆದು ಮುಗಿಸಿದಳು.

ನಾನು ಕೊನೆಯ ಸಲ ಹೋದಾಗ ಆ ಹಾಸಿನ ಆರನೆಯ ಸೀರೆ ಮಗ್ಗದ ಮೇಲಿತ್ತು. ಸ್ಕ್ಯಾನುಗಳಲ್ಲಿ ಉಳಿದ ಚೂರು ಇದ್ದಷ್ಟೇ ಇದೆ. ಡಾಕ್ಟರ್ ವಿದ್ಯಾಶ್ರೀ ಈಗ ಆ ಮನೆಯ ಯಾರೇ ಬಂದರೂ ಮೊದಲು ಸೆರಗು ಸರಿಸಿ ಕಲೆ ನೋಡಿ, ಆಮೇಲೆ ಮಾತು ಶುರುಮಾಡುತ್ತಾರಂತೆ. ಈ ಬರಹಕ್ಕೆ ಒಪ್ಪಿಗೆ ಕೇಳಿದಾಗ ವೀರವ್ವ, ನಾನು ಇನ್ನೊಂದು ಕಂಡಿಕೆ ಸುತ್ತಬೇಕೆಂದಳು. ಸಿದ್ದಲಿಂಗವ್ವ ತನ್ನ ತುರುಬಿನ ಪ್ರಸ್ತಾಪ ಇರಲೇಬೇಕೆಂದಳು. ಮಹಾದೇವಪ್ಪ ಯೋಚಿಸಿ ಒಂದೇ ಷರತ್ತು ಹಾಕಿದ: ಅಂದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತೆಂದು ಸ್ಪಷ್ಟವಾಗಿ ಬರೆಯಬೇಕು.

ಹೆಚ್ಚಾಗಿತ್ತು.